ಉಪಮೆಯೋ, ರೂಪಕವೋ, ಉತ್ಪ್ರೇಕ್ಷೆಯೋ? ಅಲಂಕಾರಗಳ ಅಧ್ಯಯನ ಟಿಪ್ಪಣಿ

ಅಲಂಕಾರದ ಪ್ರಶ್ನೆ ಬಂದ ಕೂಡಲೇ ನಮ್ಮಲ್ಲಿ ಹಲವರು ವಾಕ್ಯದಲ್ಲಿ ‘ಅಂತೆ’, ‘ಹಾಗೆ’ ಇದೆಯಾ ಅಂತ ಹುಡುಕುತ್ತೇವೆ. ಇದ್ದರೆ ಉಪಮೆ, ಇಲ್ಲದಿದ್ದರೆ ರೂಪಕ ಎಂದು ಬರೆದುಬಿಡುತ್ತೇವೆ. ಈ ದಾರಿ ಎಷ್ಟೋ ಸಲ ಕೈಕೊಡುತ್ತದೆ. ಅದರ ಬದಲು, ಕವಿ ಎರಡು ವಸ್ತುಗಳನ್ನು ಎಷ್ಟು ಹತ್ತಿರ ತಂದಿದ್ದಾನೆ ಎಂದು ನೋಡಿ. ಒಂದರ ಪಕ್ಕ ಇನ್ನೊಂದನ್ನು ಇಟ್ಟನೋ, ಎರಡನ್ನೂ ಒಂದೇ ಮಾಡಿದನೋ, ಇಲ್ಲದ್ದನ್ನು ಊಹಿಸಿ ಸೇರಿಸಿದನೋ?

ಪಕ್ಕ ಇಟ್ಟರೆ ಉಪಮೆ. ‘ಕಾಫಿ ಹೂವು ಮಲ್ಲಿಗೆಯ ಹಾಗೆ ಕಂಪು ಬೀರುತ್ತಿದೆ.’ ಇಲ್ಲಿ ಕಾಫಿ ಹೂವು ಉಪಮೇಯ, ಮಲ್ಲಿಗೆ ಉಪಮಾನ, ಕಂಪು ಬೀರುವುದು ಸಮಾನಧರ್ಮ, ‘ಹಾಗೆ’ ಉಪಮಾವಾಚಕ. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ‘ಕಾಫಿ ಹೂವು ಮಲ್ಲಿಗೆಯಂತಿದೆ’ ಎಂದರೆ ಸಮಾನಧರ್ಮ ಬಿಟ್ಟುಹೋಯಿತು, ಅದು ಲುಪ್ತೋಪಮೆ. ಬಿಳುಪೋ, ಕಂಪೋ, ಓದುವವರೇ ತುಂಬಿಕೊಳ್ಳಬೇಕು. ನನಗೆ ಈ ಎರಡನೆಯದೇ ಜಾಸ್ತಿ ಇಷ್ಟ. ಆದರೆ ಹೋಲಿಸಿದ್ದೆಲ್ಲ ಉಪಮೆಯಲ್ಲ. ‘ತಮ್ಮ ಅಣ್ಣನ ಹಾಗೇ ಎತ್ತರ ಇದ್ದಾನೆ’ ಎಂಬುದು ಬರೀ ಮಾಹಿತಿ. ಹೋಲಿಕೆಯಲ್ಲಿ ಸೊಗಸು ಇರಬೇಕು.

‘ಉಪಮಾಲೋಲ’ ಎಂದು ಕನ್ನಡಿಗರು ಕರೆದ ಲಕ್ಷ್ಮೀಶ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ದೇವನೂರಿನವನು ಎಂದು ಹೇಳುತ್ತಾರೆ. ಗದುಗಿನ ಕುಮಾರವ್ಯಾಸನಿಗೆ ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂಬ ಬಿರುದು. ಇಬ್ಬರ ಪದ್ಯಗಳನ್ನೂ ಜೊತೆಗಿಟ್ಟು ಓದಿದರೆ ಎರಡು ಅಲಂಕಾರಗಳ ಸ್ವಭಾವ ಚೆನ್ನಾಗಿ ತಿಳಿಯುತ್ತದೆ.

ಇನ್ನು ರೂಪಕ. ‘ಬೆಟ್ಟ ಮಂಜಿನ ಕಂಬಳಿ ಹೊದ್ದಿದೆ.’ ಮಂಜು ಕಂಬಳಿಯ ಹಾಗಿದೆ ಎನ್ನಲಿಲ್ಲ, ಮಂಜೇ ಕಂಬಳಿಯಾಯಿತು. ಇಲ್ಲಿ ಒಂದು ಅನುಮಾನ ಬರಬಹುದು: ‘ಉಣ್ಣೆಯ ಕಂಬಳಿ’ ಕೂಡ ಇದೇ ರೀತಿಯ ಮಾತಲ್ವಾ? ನಡುವೆ ‘ಎಂಬ’ ಸೇರಿಸಿ ನೋಡಿ. ‘ಮಂಜು ಎಂಬ ಕಂಬಳಿ’ ಸರಿಹೊಂದುತ್ತದೆ. ‘ಉಣ್ಣೆ ಎಂಬ ಕಂಬಳಿ’ ಹೊಂದುವುದಿಲ್ಲ. ಹೊಂದಿದರೆ ರೂಪಕ.

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ನಮಗೆಲ್ಲ ಗೊತ್ತು. ಕಾಲ ಸುಮಾರು ಕ್ರಿ.ಶ. 450. ಅದರ ಮೊದಲಿಗೆ ಒಂದು ಸಂಸ್ಕೃತ ಶ್ಲೋಕವಿದೆ. ಅಚ್ಯುತನು ದಾನವರ ಕಣ್ಣಿಗೆ ಯುಗಾಂತ್ಯದ ಬೆಂಕಿ, ಶಿಷ್ಟರಿಗೆ ಸುದರ್ಶನ ಎಂಬುದು ಅದರ ಹೊಗಳಿಕೆ. ಬೆಂಕಿಯಂತೆ ಎನ್ನದೆ ಬೆಂಕಿಯೇ ಎಂದರು, ಅಲ್ಲಿ ರೂಪಕ. ಸುದರ್ಶನ ಎಂದರೆ ವಿಷ್ಣುವಿನ ಚಕ್ರವೂ ಹೌದು, ನೋಡಲು ಹಿತವಾದವನೂ ಹೌದು, ಅಲ್ಲಿ ಶ್ಲೇಷೆ. ಭೂಮಿ ಕೊಟ್ಟ ವಿಷಯ ಹೇಳುವ ಕಲ್ಲಿನ ಮೇಲೂ ಇಷ್ಟು ಚಂದದ ಮಾತು ಇದೆ ನೋಡಿ.

ಜಾಸ್ತಿ ಅಂಕ ಹೋಗುವುದು ಉತ್ಪ್ರೇಕ್ಷೆಯಲ್ಲಿ. ಅದರಲ್ಲಿ ಸಾಮಾನ್ಯವಾಗಿ ‘ಎಂಬಂತೆ’ ಬರುತ್ತದೆ. ‘ಅಂತೆ’ ಕಂಡ ಕೂಡಲೇ ನಾವು ಉಪಮೆ ಎಂದು ಬರೆದುಬಿಡುತ್ತೇವೆ. ಬೇಲೂರಿನ ದರ್ಪಣ ಸುಂದರಿಯನ್ನು ನೆನೆಸಿಕೊಳ್ಳಿ. ‘ತನ್ನ ಚೆಲುವಿಗೆ ತಾನೇ ಮೈಮರೆತಳೋ ಎಂಬಂತೆ ಕನ್ನಡಿ ಹಿಡಿದವಳು ಅಲುಗದೆ ನಿಂತಿದ್ದಾಳೆ.’ ಅವಳು ಅಲುಗದಿರುವುದು ಕಲ್ಲಾದ್ದರಿಂದ. ಆ ನಿಜವಾದ ಕಾರಣವನ್ನು ಬದಿಗಿಟ್ಟು, ಇಲ್ಲದ ಕಾರಣವೊಂದನ್ನು ಕಲ್ಪಿಸಿ ಹೇಳಿದೆವು. ಇದು ಹೇತೂತ್ಪ್ರೇಕ್ಷೆ. ‘ಕೆಳಗಿನ ತೋಟಗಳನ್ನು ಎಣಿಸಲೆಂದೋ ಎಂಬಂತೆ ಮೋಡ ಮುಳ್ಳಯ್ಯನಗಿರಿಯ ಮೇಲೆ ನಿಂತಿತು’ ಎಂದರೆ ಇಲ್ಲದ ಉದ್ದೇಶವನ್ನು ಕಲ್ಪಿಸಿದಂತಾಯಿತು, ಅದು ಫಲೋತ್ಪ್ರೇಕ್ಷೆ. ಒಂದು ವಸ್ತುವನ್ನೇ ಇನ್ನೊಂದಿರಬಹುದೇನೋ ಎಂದು ಊಹಿಸಿದರೆ ವಸ್ತೂತ್ಪ್ರೇಕ್ಷೆ. ಉಪಮೆಯಲ್ಲಿ ಮಲ್ಲಿಗೆಯನ್ನು ಕೈಯಲ್ಲಿ ಹಿಡಿದು ತೋರಿಸಬಹುದು. ತೋಟ ಎಣಿಸುವ ಮೋಡವನ್ನು ಎಲ್ಲೂ ತೋರಿಸಲಾಗದು. ಈ ವ್ಯತ್ಯಾಸ ಮನಸ್ಸಿಗೆ ಹತ್ತಿದರೆ ‘ಎಂಬಂತೆ’ ಮತ್ತೆ ಗೊಂದಲ ಮಾಡುವುದಿಲ್ಲ.

ದೃಷ್ಟಾಂತ ಮತ್ತು ಅರ್ಥಾಂತರನ್ಯಾಸದಲ್ಲಿ ವಾಚಕ ಪದ ಇರುವುದಿಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಎರಡೂ ಪೂರ್ಣ ವಾಕ್ಯಗಳು, ಒಂದರ ನೆರಳು ಇನ್ನೊಂದರಲ್ಲಿ ಕಾಣುತ್ತದೆ. ಆದ್ದರಿಂದ ದೃಷ್ಟಾಂತ. ‘ಗಾಳಿಗೆ ಎತ್ತರದ ಸಿಲ್ವರ್ ಓಕ್ ಉರುಳಿತು, ಬುಡದ ಹುಲ್ಲು ಉಳಿಯಿತು; ಬಾಗುವವರಿಗೆ ಭಯವಿಲ್ಲ.’ ಇಲ್ಲಿ ಒಂದು ಘಟನೆಯನ್ನು ಎಲ್ಲರಿಗೂ ಅನ್ವಯಿಸುವ ಮಾತು ಸಮರ್ಥಿಸುತ್ತಿದೆ. ವಿಶೇಷಕ್ಕೆ ಸಾಮಾನ್ಯದ ಬೆಂಬಲ. ಹಾಗಾಗಿ ಅರ್ಥಾಂತರನ್ಯಾಸ.

ಶಬ್ದಾಲಂಕಾರಗಳಿಗೆ ಕಿವಿಯೇ ಸಾಕು. ಸಾಲನ್ನು ಗಟ್ಟಿಯಾಗಿ ಓದಿ. ಒಂದೇ ವ್ಯಂಜನ ಮತ್ತೆ ಮತ್ತೆ ಕೇಳಿಸಿದರೆ ವೃತ್ತ್ಯನುಪ್ರಾಸ. ಅದೇ ಅಕ್ಷರಗಳ ಗುಂಪು ಬೇರೆ ಬೇರೆ ಅರ್ಥದಲ್ಲಿ ಮರಳಿ ಬಂದರೆ ಯಮಕ.

ಪರೀಕ್ಷೆಯಲ್ಲಿ ಸುಮ್ನೆ ಹೆಸರು ಬರೆದು ಬಿಡಬೇಡಿ. ಹೆಸರು, ಲಕ್ಷಣ, ಆಮೇಲೆ ಸಮನ್ವಯ. ಸಮನ್ವಯವನ್ನು ಕೊಟ್ಟ ಸಾಲಿನ ಪದಗಳಿಂದಲೇ ಕಟ್ಟಿ: ‘ಇಲ್ಲಿ ಉಪಮೇಯವಾದ ಮಂಜಿಗೂ ಉಪಮಾನವಾದ ಕಂಬಳಿಗೂ ಭೇದವಿಲ್ಲವೆಂದು ಹೇಳಿರುವುದರಿಂದ ಇದು ರೂಪಕಾಲಂಕಾರ.’