ಪಕ್ಕದಲ್ಲೇ ಖಾಸಗಿ ಶಾಲೆ ಇದೆ, ಆರ್‌ಟಿಇ ಸೀಟು ಯಾಕಿಲ್ಲ?

ಪ್ರಶ್ನೆ: ನಮ್ಮ ಬೀದಿಯಲ್ಲೇ ಇಂಗ್ಲಿಷ್ ಮೀಡಿಯಂ ಶಾಲೆ ಇದೆ. ಅಕ್ಕನ ಮಗ ಅಲ್ಲಿ ಆರ್‌ಟಿಇಯಲ್ಲಿ ಸೇರಿದ್ದ. ಈಗ ಮಗಳಿಗೆ ಅರ್ಜಿ ಹಾಕೋಣ ಅಂದರೆ ಪಟ್ಟಿಯಲ್ಲಿ ಆ ಶಾಲೆಯ ಹೆಸರೇ ಇಲ್ಲ. ಯಾಕೆ?

ಬಹುಶಃ ನಿಮ್ಮ ವಾರ್ಡಿನಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದೆ. ಕಾರಣ ಅದೇ.

2009ರ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಪ್ರಕಾರ ಖಾಸಗಿ ಶಾಲೆಗಳು ಒಂದನೇ ತರಗತಿಯ ಶೇ. 25ರಷ್ಟು ಸೀಟುಗಳನ್ನು ಬಡ, ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಕೊಡಬೇಕು. ಎಂಟನೇ ತರಗತಿವರೆಗೆ ಫೀಸಿಲ್ಲ, ಸರ್ಕಾರವೇ ಶಾಲೆಗೆ ದುಡ್ಡು ಕೊಡುತ್ತದೆ. 2019ರ ಹೊತ್ತಿಗೆ ಕರ್ನಾಟಕ ತನ್ನ ನಿಯಮವನ್ನು ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ, ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ. ಅದೇ ವರ್ಷ ಹೈಕೋರ್ಟ್ ಕೂಡ ಇದನ್ನು ಒಪ್ಪಿತು. ಲಕ್ಷ ದಾಟಿದ್ದ ಸೀಟುಗಳು ಇಪ್ಪತ್ತು ಸಾವಿರದ ಒಳಗೆ ಬಂದವು.

ಸರ್ಕಾರಿ ಶಾಲೆಗಳು ಖಾಲಿಯಾಗುತ್ತಿವೆ, ನಮ್ಮ ದುಡ್ಡನ್ನು ಖಾಸಗಿಯವರಿಗೆ ಯಾಕೆ ಕೊಡಬೇಕು ಅನ್ನುವುದು ಸರ್ಕಾರದ ವಾದ. ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಆದರೆ ‘ಪಕ್ಕದಲ್ಲೇ ಸರ್ಕಾರಿ ಶಾಲೆ ಇದೆ, ಅಲ್ಲಿಗೆ ಹೋಗಿ’ ಎಂದು ನಾವು ಹೇಳುತ್ತಿರುವುದು ಫೀಸು ಕಟ್ಟಲಾಗದವರಿಗೆ ಮಾತ್ರ. ಕಟ್ಟಬಲ್ಲವರು ಅದೇ ಶಾಲೆಯ ಮುಂದೆ ಹಾದುಹೋಗುವ ವ್ಯಾನಿನಲ್ಲಿ ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸುತ್ತಾರೆ, ಅವರನ್ನು ಯಾರೂ ಕೇಳುವುದಿಲ್ಲ. ಎಲ್ಲರ ಮಕ್ಕಳೂ ನೆರೆಹೊರೆಯ ಒಂದೇ ಶಾಲೆಗೆ ಹೋಗಬೇಕು ಎಂದು ದೇಶದ ಶಿಕ್ಷಣ ವ್ಯವಸ್ಥೆಯನ್ನು ಪರಿಶೀಲಿಸಿದ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ನಾವು ಅದರಲ್ಲಿ ಅರ್ಧ ಮಾತನ್ನಷ್ಟೇ ಇಟ್ಟುಕೊಂಡಿದ್ದೇವೆ, ಅದೂ ಬಡವರ ಪಾಲಿಗೆ.

ಆ ಶೇ. 25ರಷ್ಟು ಸೀಟುಗಳ ಉದ್ದೇಶ ಬರೀ ಫೀಸು ಉಳಿಸುವುದಾಗಿರಲಿಲ್ಲ. ಮಕ್ಕಳು ಒಟ್ಟಿಗೆ ಕೂರಲಿ ಅನ್ನುವುದೂ ಇತ್ತು. ದೆಹಲಿಯಲ್ಲಿ 2007ರಿಂದಲೇ ಕೆಲವು ದೊಡ್ಡ ಶಾಲೆಗಳು ಬಡ ಮಕ್ಕಳನ್ನು ಸೇರಿಸಿಕೊಳ್ಳಬೇಕಾಯಿತು. ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಅಲ್ಲಿ ಅಧ್ಯಯನ ಮಾಡಿದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸಲು ಹೇಳಿದಾಗ, ಚೆನ್ನಾಗಿ ಓಡುವ ಬಡ ಹುಡುಗನನ್ನು ಬಿಟ್ಟು ನಿಧಾನವಾಗಿ ಓಡುವ ಶ್ರೀಮಂತರ ಹುಡುಗನನ್ನು ಕರೆದವರಿದ್ದರು. ಬಡ ಮಕ್ಕಳ ಜೊತೆ ಓದಿದವರಲ್ಲಿ ಇದು ಕಡಿಮೆ. ಸಹಾಯದ ಕೆಲಸಕ್ಕೂ ಅವರೇ ಜಾಸ್ತಿ ಮುಂದೆ ಬಂದರು. ಅವರ ಇಂಗ್ಲಿಷಿನ ಅಂಕ ಸ್ವಲ್ಪ ಇಳಿದಿತ್ತು, ನಿಜ. ನನಗೇನೋ ಅದು ದೊಡ್ಡ ನಷ್ಟ ಅನ್ನಿಸುವುದಿಲ್ಲ.

ಮಹಾರಾಷ್ಟ್ರ ಇಂಥದ್ದೇ ವಿನಾಯಿತಿ ಕೊಟ್ಟಾಗ 2024ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಹಾಗಾಗಿ ಈ ವಿಷಯ ಮುಗಿದುಹೋದದ್ದಲ್ಲ.

ಸದ್ಯಕ್ಕೆ ನಿಮ್ಮ ವಾರ್ಡಿನ ಶಾಲೆಗಳ ಪಟ್ಟಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಒಮ್ಮೆ ಕೇಳಿ ನೋಡಿ. ಹತ್ತಿರದಲ್ಲಿ ಕರ್ನಾಟಕ ಪಬ್ಲಿಕ್ ಸ್ಕೂಲ್ (ಅದೂ ಸರ್ಕಾರಿ ಶಾಲೆಯೇ) ಇದ್ದರೆ ಅಲ್ಲಿಗೂ ಹೋಗಿ ಬನ್ನಿ.