ಕಟ್ಟಿದವನೂ ಸಿಕ್ಕಿಬೀಳುವ ಪಟ್ಟು: ಫಿಗರ್ ಫೋರ್‌ನ ಕಥೆ

1990ರ ಜನವರಿ, ರಾಯಲ್ ರಂಬಲ್ ಎಂಬ ಪ್ರೊಫೆಷನಲ್ ರೆಸ್ಲಿಂಗ್ ಪ್ರದರ್ಶನ. ಎದುರಾಳಿಯ ಕಾಲು ಮುರಿದೇಬಿಡುತ್ತೇನೆ ಎಂಬಂತೆ ಗ್ರೆಗ್ ವ್ಯಾಲೆಂಟೈನ್ ಹಲ್ಲುಕಚ್ಚಿ ಒತ್ತುತ್ತಿದ್ದಾನೆ. ಫಿಗರ್ ಫೋರ್ ಎಂಬ ಆ ಪಟ್ಟಿನೊಳಗೆ ಸಿಕ್ಕಿರುವ ರಾನಿ ಗಾರ್ವಿನ್ ಕಿರುಚುತ್ತಿಲ್ಲ, ಸೋಲೊಪ್ಪುತ್ತಲೂ ಇಲ್ಲ. ಮುಖ ಸೊಟ್ಟ ಮಾಡಿಕೊಂಡು ವ್ಯಾಲೆಂಟೈನ್‌ನನ್ನು ಅಣಕಿಸುತ್ತಿದ್ದಾನೆ! ಮೊಣಕಾಲಿನ ಕೆಳಗೆ ಗಾರ್ವಿನ್ ಕಟ್ಟಿಕೊಂಡಿದ್ದ ಗಾರ್ಡ್ ನೋವನ್ನೆಲ್ಲ ತಡೆಯುತ್ತಿದೆ ಎಂಬುದು ಆ ಪಂದ್ಯದ ಕಥೆ. ಅಂಥದೇ ಗಾರ್ಡ್ ಕಟ್ಟಿಕೊಂಡು ಎದುರಾಳಿಗಳ ಕಾಲು ನೋಯಿಸುವುದು ವ್ಯಾಲೆಂಟೈನ್‌ನ ಹಳೆಯ ಚಾಳಿಯಾಗಿತ್ತು. ಅವನ ಮದ್ದನ್ನು ಅವನಿಗೇ ಕುಡಿಸಿದಂತಾಯಿತು.

ಈ ತಮಾಷೆ ಬೇರೆ ಪಟ್ಟಿನಲ್ಲಿ ನಡೆಯುತ್ತಿರಲಿಲ್ಲ. ಬಾಸ್ಟನ್ ಕ್ರ್ಯಾಬ್ ಇರಲಿ, ಕ್ಯಾಮೆಲ್ ಕ್ಲಚ್ ಇರಲಿ, ಹಾಕಿದವನು ಎದುರಾಳಿಯ ಬೆನ್ನಮೇಲೆ ಕೂತಿರುತ್ತಾನೆ. ಕೆಳಗಿದ್ದವನ ಮುಖ ಅವನಿಗೆ ಕಾಣುವುದಿಲ್ಲ, ಬೇಸರ ಬಂದರೆ ಎದ್ದು ಹೋಗಬಹುದು. ಫಿಗರ್ ಫೋರ್ ಲೆಗ್‌ಲಾಕ್‌ನಲ್ಲಿ ಹಾಗಲ್ಲ. ಹಾಕಿದವನೂ ಬೆನ್ನಮೇಲೆ ಬೀಳಬೇಕು, ತನ್ನ ಕಾಲನ್ನೂ ಗಂಟಿನೊಳಗೆ ಕೊಡಬೇಕು. ಇಬ್ಬರೂ ಮುಖಾಮುಖಿ, ಇಬ್ಬರೂ ಬಂದಿ. ಈ ಪಟ್ಟಿನ ಚರಿತ್ರೆಯಲ್ಲಿ ನೆನಪಿಡುವಂಥದ್ದು ಏನೇ ಆಗಿದ್ದರೂ ಈ ಒಂದು ಕಾರಣದಿಂದ ಆಗಿದೆ ಎಂಬುದು ನನ್ನ ಲೆಕ್ಕ.

ಪಟ್ಟು ಹಾಕುವ ಬಗೆ ಹೀಗೆ. ಎದುರಾಳಿ ಅಂಗಾತ ಬಿದ್ದಿರುತ್ತಾನೆ. ಅವನ ಒಂದು ಕಾಲನ್ನು ಹಿಡಿದೆತ್ತಿ, ಅದು ತನ್ನ ಕಾಲಿಗೆ ಸುತ್ತಿಕೊಳ್ಳುವಂತೆ ಗರ್ರನೆ ಒಂದು ಸುತ್ತು ತಿರುಗಬೇಕು. ತಿರುಗಿ ಮುಗಿಯುವಷ್ಟರಲ್ಲಿ ಆ ಕಾಲು ಮಡಚಿಕೊಂಡು, ಚಾಚಿದ ಇನ್ನೊಂದು ಕಾಲಿನ ಮೇಲೆ ಅಡ್ಡಬಿದ್ದಿರುತ್ತದೆ. ಆಮೇಲೆ ಹಾಕುವವನು ಹಿಂದಕ್ಕೆ ಬಿದ್ದು, ತನ್ನ ಇನ್ನೊಂದು ಕಾಲನ್ನು ಆ ಹೆಣಿಗೆಯ ಮೇಲೆ ಹೇರಿ ಬೀಗ ಜಡಿಯುತ್ತಾನೆ. ಮೇಲಿನಿಂದ ನೋಡಿದರೆ ಎದುರಾಳಿಯ ಕಾಲುಗಳು 4ರ ಆಕಾರದಲ್ಲಿರುತ್ತವೆ. ಇಂಗ್ಲಿಷಿನ 4, ನಮ್ಮ ೪ ಅಲ್ಲ. ಕನ್ನಡದ ನಾಲ್ಕಿನ ಆಕಾರಕ್ಕೆ ಮನುಷ್ಯನ ಕಾಲನ್ನು ತರಬೇಕಾದರೆ ಮೂಳೆಯನ್ನೇ ತೆಗೆಯಬೇಕಾದೀತು. ಜಪಾನೀಯರಿಗೂ ಇದೇ ಪೇಚು: ಅವರ ಲಿಪಿಯ ನಾಲ್ಕು ಒಂದು ಚೌಕಟ್ಟಿನಂತಿದೆ. ಅವರು ‘4ರ ಆಕಾರದ ಪಟ್ಟು’ ಎಂದು ಹೆಸರಿಟ್ಟು, ಇಂಗ್ಲಿಷ್ ಅಂಕಿಯನ್ನೇ ಬರೆಯುತ್ತಾರೆ.

ಪ್ರೊಫೆಷನಲ್ ರೆಸ್ಲಿಂಗ್‌ನಲ್ಲಿ ಫಲಿತಾಂಶ ಮೊದಲೇ ನಿರ್ಧಾರವಾಗಿರುತ್ತದೆ, ಎದುರಾಳಿ ಕೈಜೋಡಿಸದಿದ್ದರೆ ಇಷ್ಟು ನಿಧಾನದ ಪಟ್ಟು ಬೀಳುವುದೂ ಕಷ್ಟ. ಅದನ್ನು ಒಪ್ಪಿಕೊಂಡೇ ಹೇಳುತ್ತೇನೆ, ನೋವು ಪೂರಾ ಸುಳ್ಳಲ್ಲ. ಇಬ್ಬರು ನೆಲದ ಮೇಲೆ ಕೂತು ಮೆಲ್ಲಗೆ ಕಾಲು ಹೆಣೆದುಕೊಂಡರೂ ಸಾಕು, ಮೂಳೆಗೆ ಮೂಳೆ ಒತ್ತುವುದು ಗೊತ್ತಾಗುತ್ತದೆ. ಪಟ್ಟು ಹಾಕಿದವನು ಸೊಂಟವನ್ನು ನಾಲ್ಕು ಬೆರಳಷ್ಟು ಎತ್ತಿದರೆ ಸಿಕ್ಕಿಬಿದ್ದವನು ‘ಸಾಕು’ ಅನ್ನುತ್ತಾನೆ.

ರಿಂಗಿನ ಕಾನೂನು ಇದಕ್ಕೆ ಮೂರು ಬಾಗಿಲು ಇಟ್ಟಿದೆ. ಹಗ್ಗ ಮುಟ್ಟಿದರೆ ಪಟ್ಟು ಬಿಡಬೇಕು. ನೋವು ತಾಳಲಾರದೆ ಹಿಂದಕ್ಕೆ ಒರಗಿ ಭುಜ ನೆಲಕ್ಕೆ ತಾಗಿದರೆ ರೆಫರಿ ಮೂರರವರೆಗೆ ಎಣಿಸಲು ಶುರುಮಾಡುತ್ತಾನೆ. ಅಂದರೆ ಸೋಲೊಪ್ಪದೆಯೂ ಚಿತ್ ಆಗಬಹುದು, ಹಾಕಿದವನು ಮೈಮರೆತರೆ ಅವನ ಭುಜಕ್ಕೂ ಅದೇ ಎಣಿಕೆ. ಮೂರನೆಯದು ಮಗುಚುವುದು. ಸಿಕ್ಕಿಬಿದ್ದವನು ಮುಷ್ಟಿ ಬಿಗಿದು, ಒಂದು ಪಕ್ಕಕ್ಕೆ ತೊನೆದು, ಪ್ರೇಕ್ಷಕರು ಕೂಗಿದಂತೆಲ್ಲ ಇನ್ನಷ್ಟು ತೊನೆದು, ಕೊನೆಗೆ ಧೊಪ್ಪನೆ ಬೋರಲು ಬೀಳುತ್ತಾನೆ. ಗಂಟು ಬಿಚ್ಚಿರುವುದಿಲ್ಲ, ಆದರೆ ಈಗ ಕಿರುಚುವ ಸರದಿ ಹಾಕಿದವನದು. ದೇಹಶಾಸ್ತ್ರ ಇದನ್ನು ಎಷ್ಟು ಒಪ್ಪುತ್ತದೋ, ರಿಂಗಿನಲ್ಲಿ ಮಾತ್ರ ಇದು ವೇದವಾಕ್ಯ.

ಪಟ್ಟನ್ನು ಹುಟ್ಟಿಸಿದ ಕೀರ್ತಿ ಸಾಮಾನ್ಯವಾಗಿ ಸಲ್ಲುವುದು ಅಮೆರಿಕದ ಬಡ್ಡಿ ರಾಜರ್ಸ್‌ಗೆ. ಬಂಗಾರದ ಬಣ್ಣದ ಕೂದಲು, ‘ನೇಚರ್ ಬಾಯ್’ ಎಂಬ ಬಿರುದು, ಇಡೀ ಅಖಾಡ ತನ್ನದೆಂಬ ನಡಿಗೆ. ತನ್ನ ಪಟ್ಟನ್ನು ಅವನು ‘ಫಿಗರ್ ಫೋರ್ ಗ್ರೇಪ್‌ವೈನ್’ ಎನ್ನುತ್ತಿದ್ದ, ಕಾಲಿಗೆ ದ್ರಾಕ್ಷಿಬಳ್ಳಿ ಸುತ್ತಿಕೊಂಡ ಹಾಗೆ. ಕಾಲು ಹಿಡಿದು ಗರ್ರನೆ ತಿರುಗುವ ಭಾಗ ಅಷ್ಟನ್ನೇ ‘ಸ್ಪಿನ್ನಿಂಗ್ ಟೋ ಹೋಲ್ಡ್’ ಎನ್ನುತ್ತಾರೆ. ಫಂಕ್ ಮನೆತನದ ಡೋರಿ ಮತ್ತು ಟೆರ್‍ರಿ ಅದೊಂದರಿಂದಲೇ ಹೆಸರು ಮಾಡಿದರು.

1963ರ ಮೇ 17ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬ್ರೂನೊ ಸಮಾರ್ಟಿನೊ ಕೇವಲ 48 ಸೆಕೆಂಡಿನಲ್ಲಿ ರಾಜರ್ಸ್‌ನನ್ನು ಸೋಲಿಸಿ ಚಾಂಪಿಯನ್ ಪಟ್ಟ ಕಿತ್ತುಕೊಂಡ. ರಾಜರ್ಸ್‌ನ ಕಾಲ ಬಹುತೇಕ ಅಲ್ಲಿಗೆ ಮುಗಿಯಿತು. ಅವನ ಪಟ್ಟಿನ ಕಾಲ ಶುರುವಾದದ್ದು ಸರಿಯಾಗಿ ಒಂದು ವಾರದ ಮೇಲೆ, ಸಾವಿರಾರು ಮೈಲಿ ದೂರದ ಟೋಕಿಯೊದಲ್ಲಿ.

ಮೇ 24ರ ಆ ರಾತ್ರಿ ರಿಂಗಿನಲ್ಲಿದ್ದವರು ಜಪಾನಿನ ಆರಾಧ್ಯದೈವ ರಿಕಿಡೋಝಾನ್ ಮತ್ತು ಬಿಳಿ ಮುಖವಾಡದ ‘ದಿ ಡೆಸ್ಟ್ರಾಯರ್’. ಮುಖವಾಡದ ಹಿಂದೆ ಇದ್ದವನು ಡಿಕ್ ಬೇಯರ್ ಎಂಬ ಅಮೆರಿಕನ್. ಯುದ್ಧದಲ್ಲಿ ಸೋತ ದೇಶಕ್ಕೆ ರಿಂಗಿನೊಳಗಾದರೂ ಅಮೆರಿಕನ್ನರನ್ನು ಮಣಿಸುವ ಒಬ್ಬ ಬೇಕಿತ್ತು, ರಿಕಿಡೋಝಾನ್ ಆ ಕೆಲಸ ಮಾಡುತ್ತಿದ್ದ. ಡೆಸ್ಟ್ರಾಯರ್ ಅವನ ಕಾಲಿಗೆ 4ರ ಬೀಗ ಹಾಕಿದ. ಇವನು ಸೋಲೊಪ್ಪಲಿಲ್ಲ, ಅವನು ಬಿಡಲಿಲ್ಲ. ಇಬ್ಬರೂ ಹೆಣೆದುಕೊಂಡೇ ಇರುವಾಗ ರೆಫರಿ ಪಂದ್ಯ ನಿಲ್ಲಿಸಿದ. ಗೆದ್ದವರಿಲ್ಲ, ಸೋತವರಿಲ್ಲ. ಟಿವಿ ರೇಟಿಂಗ್ 64 ಶೇಕಡ. ಜಪಾನಿನ ಸಾರ್ವಕಾಲಿಕ ಪಟ್ಟಿಯ ಮೇಲಿನ ಸಾಲುಗಳಲ್ಲಿ ಈಗಲೂ ಆ ಅಂಕಿ ಇದೆ. ಕುತ್ತಿಗೆ ಹಿಸುಕುವ ಪಟ್ಟಾಗಿದ್ದರೆ ಇಷ್ಟು ಹೊತ್ತು ಎಳೆಯಲು ಬರುತ್ತಿರಲಿಲ್ಲ. ಇಲ್ಲಿ ಎರಡು ಮುಖಗಳು, ಎರಡು ಹಠಗಳು ಒಂದೇ ಚೌಕಟ್ಟಿನಲ್ಲಿ ಸಿಕ್ಕವು. ಟಿವಿ ಕ್ಯಾಮೆರಾಗೆ ಇನ್ನೇನು ಬೇಕು?

ಅದೇ ವರ್ಷದ ಡಿಸೆಂಬರ್‌ನಲ್ಲಿ ರಿಕಿಡೋಝಾನ್ ತೀರಿಕೊಂಡ. ಖಳನಾಗಿ ಬಂದಿದ್ದ ಡೆಸ್ಟ್ರಾಯರ್ ಮುಂದೆ ಜಪಾನಿನವನೇ ಆಗಿಹೋದ, ಟಿವಿಯ ಹಾಸ್ಯ ಕಾರ್ಯಕ್ರಮದಲ್ಲೂ ಮುಖವಾಡ ತೆಗೆಯದೆ ನಗಿಸಿದ. 2017ರಲ್ಲಿ ಜಪಾನ್ ಸರ್ಕಾರ ಅವನಿಗೆ ‘ಆರ್ಡರ್ ಆಫ್ ದಿ ರೈಸಿಂಗ್ ಸನ್’ ಗೌರವ ಕೊಟ್ಟಿತು.

ಅಮೆರಿಕದಲ್ಲಿ ಪಟ್ಟು, ಬಿರುದು, ಕೂದಲ ಬಣ್ಣ, ನಡಿಗೆ ಎಲ್ಲವನ್ನೂ ಗಂಟುಕಟ್ಟಿ ಎತ್ತಿಕೊಂಡವನು ರಿಕ್ ಫ್ಲೇರ್. 1979ರಲ್ಲಿ ಹಳೆಯ ನೇಚರ್ ಬಾಯ್ ಮತ್ತು ಹೊಸ ನೇಚರ್ ಬಾಯ್ ಎದುರುಬದುರಾದರು, ಹೊಸಬ ಗೆದ್ದ. ಫ್ಲೇರ್ ಈ ಪಟ್ಟಿಗೆ ಕೊಟ್ಟ ದೊಡ್ಡ ಕಾಣಿಕೆ ಮೋಸ. ರೆಫರಿ ಎದುರಾಳಿಯ ಭುಜ ನೋಡಲು ಬಗ್ಗಿದಾಗ ಫ್ಲೇರ್‌ನ ಕೈ ಹಿಂದಕ್ಕೆ ಹೋಗಿ, ಇನ್ನಷ್ಟು ಬಲವಾಗಿ ಒತ್ತಲು ಆಸರೆಗೆ ಹಗ್ಗ ಹಿಡಿಯುತ್ತಿತ್ತು. ರೆಫರಿ ತಲೆಯೆತ್ತಿದ ಕೂಡಲೇ ಕೈ ಎದೆಯ ಮೇಲೆ, ಮುಖದಲ್ಲಿ ಏನೂ ಅರಿಯದ ಪಾಪದ ಕಳೆ. ಇದಕ್ಕಾಗಿಯೇ ಜನ ಟಿಕೆಟ್ ಕೊಳ್ಳುತ್ತಿದ್ದರು ಎಂದರೂ ನಡೆಯುತ್ತದೆ.

ಮೋಸವಿಲ್ಲದ ದಿನಗಳೂ ಇದ್ದವು. 1989ರ ನವೆಂಬರ್‌ನಲ್ಲಿ, ಒಬ್ಬ ಬಾಯಿಬಿಟ್ಟು ಸೋಲೊಪ್ಪುವವರೆಗೂ ಮುಗಿಯದ ‘ಐ ಕ್ವಿಟ್’ ಪಂದ್ಯದಲ್ಲಿ, ಸ್ಪಿನ್ನಿಂಗ್ ಟೋ ಹೋಲ್ಡ್ ಮನೆತನದ ಟೆರ್‍ರಿ ಫಂಕ್ ಇದೇ ಪಟ್ಟಿನಲ್ಲಿ ಸಿಕ್ಕಿ ಬಾಯಿಬಿಟ್ಟು ಸೋಲೊಪ್ಪಿದ. ಮನೆಯ ಅರ್ಧ ವಿದ್ಯೆ ಪೂರ್ತಿಯಾಗಿ ಅವನ ಕಾಲಿಗೇ ಬಂದು ಸುತ್ತಿಕೊಂಡಿತ್ತು. 1992ರಲ್ಲಿ ರ್‍ಯಾಂಡಿ ಸ್ಯಾವೇಜ್ ಮಾತ್ರ ಸೋಲೊಪ್ಪಲಿಲ್ಲ. ಪಟ್ಟಿನಲ್ಲೇ ಎಚ್ಚರ ತಪ್ಪಿದ, ಭುಜ ನೆಲಕ್ಕೆ ತಾಗಿತು, ರೆಫರಿ ಮೂರು ಎಣಿಸಿದ. ಹೀಗೆ ಫ್ಲೇರ್ ಅಮೆರಿಕದ ದೊಡ್ಡ ರೆಸ್ಲಿಂಗ್ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನ ಚಾಂಪಿಯನ್ ಎರಡನೇ ಸಲ ಆದ.

ಜಪಾನಿನಲ್ಲಿ ಅಷ್ಟರೊಳಗೆ ಗಾಳಿ ಬದಲಾಗಿತ್ತು. ನಿಜವಾದ ಹೊಡೆದಾಟದಂತೆ ಕಾಣುವ ಶೈಲಿಯ ಮುಂದೆ ಹಳೆಯ ಪಟ್ಟುಗಳು ನಾಟಕದಂತೆ ಕಾಣತೊಡಗಿದ್ದವು. 1995ರ ಅಕ್ಟೋಬರ್ 9ರಂದು ಟೋಕಿಯೊ ಡೋಮ್‌ನಲ್ಲಿ ಸುಮಾರು 67,000 ಜನರ ಎದುರು ಆ ಹೊಸ ಶೈಲಿಯ ನೊಬುಹಿಕೊ ತಕಡಾಗೆ ಎದುರಾದವನು ಕೇಜಿ ಮುಟೊ. ಒದೆಯಲು ಬಂದ ಕಾಲನ್ನು ಹಿಡಿದು ತಿರುಚಿ ಕೆಡವಿದ. ಇದಕ್ಕೆ ‘ಡ್ರ್ಯಾಗನ್ ಸ್ಕ್ರೂ’ ಎನ್ನುತ್ತಾರೆ. ಆಮೇಲೆ ಮೂವತ್ತು ವರ್ಷ ಹಳೆಯದಾದ ಆ 4ರ ಬೀಗವನ್ನೇ ಹಾಕಿದ. ತಕಡಾ ಸೋಲೊಪ್ಪಿದ. ಅತ್ಯಾಧುನಿಕರೆನಿಸಿಕೊಂಡವರ ನಾಯಕನನ್ನು ಅಜ್ಜನ ಕಾಲದ ಪಟ್ಟಿನಿಂದ ಮಣಿಸಿದ್ದು ಬೇಕೆಂದೇ ಮಾಡಿದ ಕೆಣಕು. ಪ್ರೊಫೆಷನಲ್ ರೆಸ್ಲಿಂಗ್‌ನಲ್ಲಿ ಇಷ್ಟು ಚುರುಕಾದ ಇನ್ನೊಂದು ಉತ್ತರ ನನಗೆ ನೆನಪಾಗುವುದಿಲ್ಲ.

ರೂಪಾಂತರಗಳು ಹಲವಿವೆ, ಹೆಚ್ಚಿನವು ಹೆಸರಿಗಷ್ಟೇ ಬೇರೆ. ನಿಜಕ್ಕೂ ಯೋಚಿಸಿ ಮಾಡಿದವು ಎರಡು. ಬ್ರೆಟ್ ಹಾರ್ಟ್ ಎದುರಾಳಿಯ ಕಾಲುಗಳನ್ನು ಮೂಲೆಯ ಕಬ್ಬಿಣದ ಕಂಬಕ್ಕೆ ಸುತ್ತಿ, ತಾನು ರಿಂಗಿನ ಹೊರಗೆ ತಲೆಕೆಳಗಾಗಿ ಜೋತುಬೀಳುತ್ತಿದ್ದ. ಕಂಬ ನಡುವೆ ಇರುವಾಗ ಮಗುಚುವುದು ಎಲ್ಲಿಗೆ? ಇದು ನಿಯಮಬಾಹಿರ, ರೆಫರಿ ಐದು ಎಣಿಸುವಷ್ಟು ಹೊತ್ತು ಮಾತ್ರ ನಡೆಯುತ್ತದೆ. ಎರಡನೆಯದು ಫ್ಲೇರ್‌ನ ಮಗಳು ಶಾರ್ಲಟ್‌ಳ ‘ಫಿಗರ್ ಏಟ್’. ಅಪ್ಪನ ಬೀಗ ಹಾಕಿ, ಅಂಗೈಯನ್ನು ನೆಲಕ್ಕೂರಿ, ಸೊಂಟವೆತ್ತಿ ಕಮಾನಿನಂತೆ ಬಾಗುತ್ತಾಳೆ. ಭಾರವೆಲ್ಲ ಎದುರಾಳಿಯ ಮೊಣಕಾಲಿಗೆ ಬೀಳುತ್ತದೆ, ಅವಳ ಭುಜ ನೆಲದಿಂದ ಮೇಲಿರುತ್ತದೆ. ಅಪ್ಪನನ್ನು ಕಾಡುತ್ತಿದ್ದ ಎಣಿಕೆಯ ಭಯವನ್ನು ಮಗಳು ಹೀಗೆ ಕಳೆದುಕೊಂಡಳು. 2018ರ ರೆಸ್ಲ್‌ಮೇನಿಯಾದಲ್ಲಿ ಅದುವರೆಗೆ ಸೋಲನ್ನೇ ಕಾಣದಿದ್ದ ಅಸುಕಾ ಸೋಲೊಪ್ಪಿದ್ದು ಇದಕ್ಕೇ.

ಅಪ್ಪನಿಗೆ ಇನ್ನೂ ಒಂದು ಪಂದ್ಯ ಬಾಕಿಯಿತ್ತು. 2022ರ ಜುಲೈ 31ರಂದು ನ್ಯಾಶ್‌ವಿಲ್‌ನಲ್ಲಿ 73 ವರ್ಷದ ಫ್ಲೇರ್ ಕೊನೆಯ ಸಲ ಬೂಟು ಕಟ್ಟಿದ. ಎದುರಿಗಿದ್ದ ಜೋಡಿ ಜೆಫ್ ಜ್ಯಾರೆಟ್ ಮತ್ತು ಜೇ ಲೀಥಲ್, ಇಬ್ಬರೂ ಇದೇ ಪಟ್ಟನ್ನು ಬಳಸಿದವರೇ. ಕೊನೆಗೆ ಫ್ಲೇರ್ ಹಿತ್ತಾಳೆಯ ಮುಷ್ಟಿಕವಚದಿಂದ ಜ್ಯಾರೆಟ್‌ನ ಮುಖಕ್ಕೆ ಗುದ್ದಿ ಕೆಡವಿದ, ತಡವರಿಸುತ್ತಾ ಅವನ ಕಾಲು ಹೆಣೆದು ತಾನೂ ಹಿಂದಕ್ಕೆ ಬಿದ್ದ. ಜ್ಯಾರೆಟ್‌ನ ಭುಜ ನೆಲದ ಮೇಲಿತ್ತು, ರೆಫರಿ ಮೂರು ಎಣಿಸಿದ. ಆ ಪಂದ್ಯದ ನಡುವೆ ತನಗೇ ಎಚ್ಚರ ತಪ್ಪಿತ್ತು ಎಂದು ಫ್ಲೇರ್ ಆಮೇಲೆ ಹೇಳಿಕೊಂಡ.