ಎದೆಯೊಳಗೊಂದು ಹಗೇವು

ಗದಗದ ಹತ್ತಿರದ ನಮ್ಮೂರಲ್ಲಿ ದೊಡ್ಡವ್ವನಿಗೆ ಟಿಬಿ ಅಂತ ಗೊತ್ತಾದ ದಿನವೇ ಮನೆಯವರು ಅವಳ ಗಂಗಾಳ ಬೇರೆ ಇಟ್ಟರು. ಯಾರದೋ ಶಾಪ ಅಂದವರೂ ಇದ್ದರು. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಟಿಬಿ ಗಂಗಾಳದಿಂದ ಹರಡುವುದಿಲ್ಲ. ಕೆಮ್ಮಿದಾಗ ಗಾಳಿಗೆ ಸೇರುವ ಸಣ್ಣ ಹನಿಗಳಿಂದ ಹರಡುತ್ತದೆ. ಇದು ರೋಗಾಣುವಿನ ಕೆಲಸ ಅಂತ ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದೇ ಬರ್ಲಿನ್ನಿನಲ್ಲಿ ಸಾರಿದ್ದರು.

ಆ ರೋಗಾಣು ಶ್ವಾಸಕೋಶಕ್ಕೆ ಇಳಿದ ಮೇಲಿನ ಕಥೆ ಇನ್ನೂ ಸೋಜಿಗದ್ದು. ಅಲ್ಲಿನ ಗಾಳಿಚೀಲಗಳಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳಿವೆ. ಒಳಬಂದ ಧೂಳು, ರೋಗಾಣು ಎಲ್ಲವನ್ನೂ ನುಂಗುತ್ತವೆ. ನುಂಗಿದ್ದು ಕೋಶದೊಳಗೆ ಒಂದು ಪುಟ್ಟ ಚೀಲದಲ್ಲಿ ಕೂರುತ್ತದೆ. ಜೀರ್ಣರಸ ತುಂಬಿದ ಇನ್ನೊಂದು ಚೀಲ ಬಂದು ಅದಕ್ಕೆ ಕೂಡಿಕೊಳ್ಳಬೇಕು. ಟಿಬಿ ರೋಗಾಣು ಈ ಕೂಡಿಕೆಯನ್ನೇ ತಡೆಯುತ್ತದೆ! ಕಾಳು ಹಾಕಿಯಾಗಿದೆ, ಬೀಸುವ ಕಲ್ಲು ತಿರುಗುತ್ತಿಲ್ಲ. ಒಲೆ ಮೇಲೆ ಗಡಿಗೆ ಇದೆ, ಬೆಂಕಿ ಹತ್ತುತ್ತಿಲ್ಲ. ಕೊಲ್ಲಬೇಕಾದವನ ಹೊಟ್ಟೆಯೇ ಅದಕ್ಕೆ ಮನೆ.

ಇದನ್ನು 1971ರಲ್ಲಿ ತೋರಿಸಿದವರು ಲಂಡನ್ನಿನ ವಿಜ್ಞಾನಿಗಳಾದ ಆರ್ಮ್‌ಸ್ಟ್ರಾಂಗ್ ಮತ್ತು ಫಿಲಿಪ್ ಡಾರ್ಸಿ ಹಾರ್ಟ್. ಇಲಿಯ ಮ್ಯಾಕ್ರೋಫೇಜ್‌ಗಳಿಗೆ ರೋಗಾಣು ಉಣಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹಾನಿಯಾದ ರೋಗಾಣು ಇದ್ದಲ್ಲಿ ಚೀಲಗಳು ಕೂಡಿದ್ದವು. ಜೀವಂತ ರೋಗಾಣು ಇದ್ದಲ್ಲಿ ಹೆಚ್ಚಿನವು ಕೂಡಿರಲಿಲ್ಲ. ಹಾರ್ಟ್ ಹುಟ್ಟಿದ್ದು 1900ರಲ್ಲಿ. ನಿವೃತ್ತಿಯ ವಯಸ್ಸು ದಾಟಿದ ಮೇಲೆ ಮಾಡಿದ ಕೆಲಸ ಇದು! 106 ವರ್ಷ ಬದುಕಿದರು.

ನುಂಗಿಯೂ ಕೊಲ್ಲಲಾಗದಿದ್ದರೆ ದೇಹ ಏನು ಮಾಡಬೇಕು? ಸುತ್ತ ಗೋಡೆ ಕಟ್ಟುತ್ತದೆ. ಮ್ಯಾಕ್ರೋಫೇಜ್‌ಗಳು ಒತ್ತೊತ್ತಾಗಿ ನಿಲ್ಲುತ್ತವೆ, ಅವುಗಳ ಹೊರಗೆ ರೋಗದ ಜೊತೆ ಹೋರಾಡುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು. ಇದೇ ಗ್ರಾನ್ಯುಲೋಮಾ. ನಮ್ಮ ಕಡೆಯ ಹಗೇವು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ, ಅಲ್ವಾ? ನೆಲದಲ್ಲಿ ಗುಂಡಿ, ಸುತ್ತ ಹುಲ್ಲು, ಒಳಗೆ ಜೋಳ, ಬಾಯಿಗೆ ಕಲ್ಲು, ಮಣ್ಣು. ಗಾಳಿ ಆಡದ ಕಡೆ ಕಾಳು ಮೊಳೆಯದೆ ಸುಮ್ನೆ ಇರುತ್ತದೆ. ಟಿಬಿ ರೋಗಾಣುವೂ ಹಾಗೇ ವರ್ಷಗಟ್ಟಲೆ ಮಲಗಿರಬಲ್ಲದು. ಸೋಂಕು ತಗಲಿದ ನೂರು ಜನರಲ್ಲಿ ಕಾಯಿಲೆ ಬೀಳುವವರು 5ರಿಂದ 10 ಮಂದಿ ಮಾತ್ರ. ಎಚ್‌ಐವಿ, ಸಕ್ಕರೆ ಕಾಯಿಲೆ, ಹೊಟ್ಟೆಗೆ ಸಾಲದ ಊಟ ಈ ಕಾವಲನ್ನು ಸಡಿಲ ಮಾಡುತ್ತವೆ. ಸಂಧಿವಾತಕ್ಕೆ ಕೊಡುವ ಕೆಲವು ಔಷಧಿಗಳೂ ಅಷ್ಟೇ. ಅವು ತಡೆಯುವ ಟಿಎನ್‌ಎಫ್ ಎಂಬ ಪ್ರೋಟೀನು ಈ ಗೋಡೆಗೆ ಗಾರೆ ಇದ್ದಂತೆ.

ಮಲಗಿದ ರೋಗಾಣುವಿಗೆ ಔಷಧಿ ಬೇಗ ನಾಟುವುದಿಲ್ಲ. ಅದಕ್ಕೇ ಕೆಮ್ಮು ನಿಂತರೂ ಆರು ತಿಂಗಳು ಗುಳಿಗೆ. ದೊಡ್ಡವ್ವ ಒಂದು ದಿನವೂ ತಪ್ಪಿಸದೆ ನುಂಗಿ ಗುಣವಾದಳು. ಅವಳ ಗಂಗಾಳ ಮಾತ್ರ ಬಹಳ ದಿನ ಬೇರೆಯೇ ಇತ್ತು.